ಅಳತೆ ತಪ್ಪಿದ ಕೋಟು

"ಇನ್ನೊಂದು ಸಲ ಎಳಿ," ಎಂದ ಟೈಲರನ ತಮ್ಮ. ಟೈಲರನ ಮಗಳು ಉಸಿರು ಬಿಗಿಹಿಡಿದು ಕೋಟಿನ ಅಂಚು ಎಳೆದಳು. ಗುಂಡಿಗೂ ಕಾಜಕ್ಕೂ ನಡುವೆ ಇನ್ನೂ ಅಂಗೈ ಅಗಲದ ಜಾಗ. ಮಂಚದ ಮೇಲೆ ಸತ್ತು ಮಲಗಿದ್ದ ಟೈಲರ್ ಜಗ್ಗಲಿಲ್ಲ. ಬದುಕಿದ್ದಾಗಲೂ ಅವನು ಯಾರಿಗೂ ಜಗ್ಗಿದವನಲ್ಲ.

"ಬೇಡ ಅಂದೆ, ಕೇಳಿದ್ರಾ?" ಅವನ ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. "ಆ ದರಿದ್ರ ಕೋಟು ನನ್ನ ಕಣ್ಣೆದುರಿಗೆ ತರಬೇಡಿ."

"ಅಣ್ಣನೇ ಹೇಳಿದ್ದನಲ್ಲ ಅತ್ತಿಗೆ, ಹೋಗುವಾಗ ಇದನ್ನೇ ಹಾಕಿ ಅಂತ."

"ಹೇಳ್ತಾರೆ. ಹೋಗೋಕೆ ಅವರಿಗೆ ಆಗಲೇ ಅವಸರ ಇತ್ತು."

*

ಹಿಂದೊಮ್ಮೆ ಟೈಲರನಿಗೆ ಕೆಮ್ಮು ಬಿಡಲಿಲ್ಲವೆಂದು ಸ್ಕ್ಯಾನ್ ಮಾಡಿಸಿದ್ದರು. ಶ್ವಾಸಕೋಶದಲ್ಲಿ ಬಿಳಿ ಚುಕ್ಕೆ. "ಕ್ಯಾನ್ಸರ್ ಥರಾನೇ ಕಾಣ್ತಿದೆ. ಚೂರು ತೆಗೆದು ಪರೀಕ್ಷೆಗೆ ಕಳಿಸೋಣ," ಎಂದರು ಡಾಕ್ಟರು. ಕಾಯುವ ಆ ದಿನಗಳಲ್ಲಿ ಹೆಂಡತಿ ಊಟ ಬಿಟ್ಟು ಕೂತಳು, ಗಂಡ ಕತ್ತರಿ ಹಿಡಿದು ಕೂತ. ಊರಿಗೆಲ್ಲ ಕೋಟು ಹೊಲಿದವನು ಮೊದಲ ಸಲ ತನಗೊಂದು ಹೊಲಿದುಕೊಂಡ.

"ಏನ್ರೀ ಇದು?"

"ಹೋಗೋವಾಗ ಹಾಕ್ಕೊಳ್ಳೋಕೆ. ಬೇರೆಯವರು ಹೊಲಿದ್ರೆ ಭುಜ ಕೆಡಿಸ್ತಾರೆ."

"ನನ್ನ ಜೊತೆ ಇರೋ ಆಸೇನೇ ಇಲ್ವಾ ನಿಮಗೆ?"

ಅವನು ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಟ್ಟೆಯ ಮೇಲೆ ಬಾಗಿದ.

ವರದಿ ಬಂತು. ಕ್ಯಾನ್ಸರ್ ಅಲ್ಲ, ಯಾವತ್ತೋ ಆಗಿದ್ದ ಸೋಂಕು ಬಿಟ್ಟುಹೋದ ಕಲೆ. ಸ್ಕ್ಯಾನಲ್ಲಿ ಕೆಲವೊಮ್ಮೆ ಹೀಗಾಗುತ್ತದಂತೆ. "ಬೆಟ್ಟ ಅಗೆದ್ರು, ಇಲೀನೂ ಸಿಗಲಿಲ್ಲ," ಎಂದು ಟೈಲರ್ ದಾರಿಯುದ್ದಕ್ಕೂ ನಕ್ಕ. ಆಮೇಲೆ ಇಪ್ಪತ್ತು ವರ್ಷ ಚೆನ್ನಾಗಿ ತಿಂದ, ಹರಟಿದ, ದಪ್ಪಗಾದ. ನಿನ್ನೆ ಊಟ ಮಾಡಿ ಮಲಗಿದವನು ಏಳಲಿಲ್ಲ. ಕೋಟು ಅಷ್ಟೂ ಕಾಲ ಪೆಟ್ಟಿಗೆಯ ತಳದಲ್ಲಿತ್ತು. ಅದರ ನೆನಪಾದಾಗಲೆಲ್ಲ ಅವಳಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಒಂದು ಚುಕ್ಕೆ ಕಂಡಿದ್ದೇ ತಡ, ತನ್ನನ್ನು ಬಿಟ್ಟು ಹೊರಟೇ ನಿಂತಿದ್ದನಲ್ಲ!

*

"ತಡಿ, ಹೊಲಿಗೆ ಬಿಚ್ಚಿ ನೋಡ್ತೀನಿ," ಎಂದಳು ಮಗಳು. ಅಪ್ಪನ ಅಂಗಡಿ ಈಗ ನಡೆಸುವವಳು ಅವಳೇ. ಕೋಟನ್ನು ಮೈಯಿಂದ ಬಿಡಿಸಿ, ಮಗುಚಿ, ಒಳಗಿನ ಅಸ್ತರನ್ನು ಬ್ಲೇಡಿನಿಂದ ಬಿಚ್ಚಿದವಳು ಅದರೊಳಕ್ಕೆ ಬೆರಳು ತೂರಿಸಿದಳು.

"ಅಮ್ಮ, ಇಲ್ಲಿ ನೋಡು."

"ನೋಡಲ್ಲ."

"ಒಳಗೆ ಬಟ್ಟೆ ಬಿಟ್ಟಿದ್ದಾರೆ ಅಪ್ಪ. ಬೆನ್ನಲ್ಲಿ, ಎರಡೂ ಪಕ್ಕದಲ್ಲಿ. ಬೆಳೆಯೋ ಮಕ್ಕಳಿಗೆ ಬಿಡ್ತೀವಲ್ಲ, ಅಷ್ಟು."

"ಸಾಯೋಕೆ ಹೊರಟವನಿಗೆ ಅಷ್ಟೊಂದು ಯಾಕೆ?" ಎಂದ ತಮ್ಮ.

ಹೆಂಡತಿ ಎದ್ದು ಬಂದಳು. ಒಳಗೆ ಮಡಿಸಿಟ್ಟ ಬಟ್ಟೆಯನ್ನು ಬೆರಳಿನಿಂದ ಅಳೆದಳು, ಮತ್ತೆ ಅಳೆದಳು. ಬೆಳಗಿನಿಂದ ಬಾರದ ಅಳು ಆಗ ಬಂತು. "ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ಈ ಮನುಷ್ಯನಿಗೆ?" ಎಂದು ಬೈಯುತ್ತಲೇ ಸೂಜಿಗೆ ದಾರ ಪೋಣಿಸಿದಳು.

ತಾಯಿ ಮಗಳು ಸೇರಿ ಹೊಲಿದರು. ಗುಂಡಿಗಳು ಹೊಟ್ಟೆಯ ಮೇಲೆ ಸಲೀಸಾಗಿ ಕೂತವು. ಒಳಗೆ ಇನ್ನೂ ಒಂದು ಬೆರಳಷ್ಟು ಬಟ್ಟೆ ಮಿಕ್ಕಿತ್ತು.