ಗಂಡ-ಹೆಂಡತಿ ಫಿಲ್ಟರ್

ಅಕ್ಕ-ಭಾವನ ಸ್ಟುಡಿಯೋದಲ್ಲಿ ಒಂಬತ್ತು ವರ್ಷ "ಗಲ್ಲ ಎತ್ತಿ, ನಗಬೇಡಿ" ಎನ್ನುತ್ತ ಪಾಸ್‌ಪೋರ್ಟ್ ಫೋಟೋ ತೆಗೆದವಳಿಗೆ ಇದ್ದದ್ದು ಒಂದೇ ಆಸೆ, ನದಿ ಚಿತ್ರಗಳ ಸ್ಪರ್ಧೆ ಗೆಲ್ಲುವುದು. ಗೆದ್ದವರಿಗೆ ವರ್ಷಪೂರ್ತಿ ನದಿಯುದ್ದಕ್ಕೂ ತಿರುಗಿ ಚಿತ್ರ ತೆಗೆಯುವ ಕೆಲಸ. ಆಮೇಲೆ ಯಾರ ಗಲ್ಲ ಹೇಗಿದ್ದರೆ ಇವಳಿಗೇನು!

ರಜೆ ಸಿಕ್ಕಾಗಲೆಲ್ಲ ಅಣೆಕಟ್ಟಿನ ಕೆಳಗಿನ ಬಂಡೆಗಳ ಮೇಲೆ ಕ್ಯಾಮೆರಾ ನಿಲ್ಲಿಸುತ್ತಿದ್ದಳು. ಲೆನ್ಸಿಗೆ ನೀರಿನ ಹೊಳಪು ಕಳೆಯುವ ಪೋಲರೈಜರ್, ಅದರ ಮೇಲೆ ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್. ಅರ್ಧ ನಿಮಿಷ ಶಟರ್ ತೆರೆದಿಟ್ಟರೆ ಮಟಮಟ ಮಧ್ಯಾಹ್ನದಲ್ಲೂ ನೀರು ಹಾಲಿನ ಕೆನೆಯಂತೆ ಕಾಣುತ್ತಿತ್ತು. ಒಂದು ದಿನ ಆ ಜೋಡಿ ಕೈಜಾರಿ ಬಂಡೆಗೆ ಬಿತ್ತು. ಗಾಜು ಉಳಿಯಿತು. ಆದರೆ ಅಂಚಿನ ಬಳೆ ಒಳಕ್ಕೆ ನೆಗ್ಗಿ, ಎರಡೂ ಕಚ್ಚಿಕೊಂಡುಬಿಟ್ಟವು. ಏನು ತಿಪ್ಪರಲಾಗ ಹಾಕಿದರೂ ಬಿಡಿಸಲಾಗಲಿಲ್ಲ.

"ಗಂಡ-ಹೆಂಡ್ತಿ ಕಣಮ್ಮ ಇವು, ಮಧ್ಯೆ ಕೈ ಹಾಕ್ಬೇಡ," ಎಂದು ಭಾವ ನಕ್ಕಿದ್ದರು.

ಅಗಲ ಲೆನ್ಸಿಗೆ ಜೋಡಿ ಫಿಲ್ಟರ್ ಹಾಕಿದರೆ ಚಿತ್ರದ ನಾಲ್ಕು ಮೂಲೆ ಕಪ್ಪಾಗುವುದು ಮಾಮೂಲಿ. ಇವಳ ಚಿತ್ರದಲ್ಲಿ ಮಾತ್ರ, ಬಳೆ ನೆಗ್ಗಿದ್ದರಿಂದ, ಒಂದು ಮೂಲೆಯ ಕಪ್ಪಿಗೆ ಹಲ್ಲಿನಂಥ ಮೊನೆಯೂ ಬರುತ್ತಿತ್ತು.

ಕೊನೆಗೊಮ್ಮೆ ಮನಸ್ಸಿಗೆ ಒಪ್ಪುವ ಚಿತ್ರ ಸಿಕ್ಕಿತು. ಕಂಪ್ಯೂಟರಿಗೆ ಹಾಕಿಕೊಡಿ ಎಂದು ಕ್ಯಾಮೆರಾದ ಮೆಮೊರಿ ಕಾರ್ಡನ್ನು ಭಾವನ ಕೈಗಿತ್ತಳು. "ಕಾರ್ಡ್ ಕೆಟ್ಟೋಗಿದೆ ಕಣಮ್ಮ, ಒಂದೂ ಬರ್ಲಿಲ್ಲ," ಎಂದರು. ಸ್ಪರ್ಧೆಯ ಕೊನೆಯ ದಿನ ದಾಟಿತು. ಅಕ್ಕನ ಮಡಿಲಲ್ಲಿ ಮುಖವಿಟ್ಟು ಅತ್ತಳು. "ಹೋಗ್ಲಿ ಬಿಡೆ, ನದಿ ಎಲ್ಲಿಗೆ ಹೋಗುತ್ತೆ," ಎಂದು ಅಕ್ಕ ತಲೆ ಸವರಿದಳು.

ಪ್ರದರ್ಶನದ ದಿನ ಮೊದಲ ಬಹುಮಾನದ ಚಿತ್ರದ ಕೆಳಗೆ ಭಾವನ ಹೆಸರು. ಅದೇ ಬಂಡೆ, ಅದೇ ಕೆನೆ. ಅಂಚು ಕತ್ತರಿಸಿದ ಚಿತ್ರ ಕಳಿಸಬಾರದೆಂಬ ನಿಯಮವಿದ್ದದ್ದರಿಂದ ನಾಲ್ಕು ಮೂಲೆಯೂ ಹಾಗೇ ಇದ್ದವು. ಬಲಗಡೆ ಕೆಳಗೆ, ಹಲ್ಲು. ಭಾವ 'ಅವರು' ಆಗಿದ್ದದ್ದು ಅಲ್ಲಿಯವರೆಗೆ. ಹಾರ ಹಾಕಿಸಿಕೊಂಡು ಹಲ್ಲು ಕಿರಿಯುತ್ತಿದ್ದ, ನಂಬಿಸಿ ಕತ್ತು ಕೊಯ್ದವನು.

ಪಾಪ, ಅಕ್ಕನಿಗೆ ಹೇಗೆ ಹೇಳುವುದು ಎಂದೇ ಅವಳಿಗೆ ಸಂಕಟ. ಆದರೂ ಕೈಹಿಡಿದು ಚಿತ್ರದ ಮುಂದೆ ಕರೆತಂದಳು. ಚೀಲದಿಂದ ಫಿಲ್ಟರ್ ತೆಗೆದು ಆ ಮೂಲೆಯ ಪಕ್ಕ ಹಿಡಿದಳು.

"ಅಕ್ಕಾ, ಇದು ನಂದು. ನಿನ್ನ ಗಂಡ ನಮ್ಮಿಬ್ರಿಗೂ ಮೋಸ ಮಾಡಿದಾನೆ."

ಅಕ್ಕ ಚಿತ್ರ ನೋಡಲಿಲ್ಲ. ನೆಲ ನೋಡಿದಳು.

"ಮೂಲೇನ ಯಾರು ನೋಡ್ತಾರೆ ಅಂದ್ಕೊಂಡ್ವಿ ಕಣೆ."

ಅಂದ್ಕೊಂಡ್ವಿ. ಭಾವ ಕದ್ದದ್ದಕ್ಕೆ ಸಿಟ್ಟು ಬಂದಿತ್ತು. ಒಡಹುಟ್ಟಿದವಳ ಬಾಯಿಂದ ಬಂದ ಆ 'ವಿ' ಕರುಳಿಗೇ ಕೈ ಹಾಕಿತು. ತಲೆ ಸವರಿದ ಕೈಗೂ ಅಂದೇ ಗೊತ್ತಿತ್ತು.

ಅವಳು ಫಿಲ್ಟರನ್ನು ಮುಷ್ಟಿಯಲ್ಲಿ ಹಿಡಿದು ತೀರ್ಪುಗಾರರ ಮೇಜಿನತ್ತ ತಿರುಗಿದಳು. ಅಕ್ಕ ತೋಳು ಹಿಡಿದಳು.

"ಎಲ್ಲಿಗೇ?"

"ಗಂಡ-ಹೆಂಡ್ತಿ ಮಧ್ಯೆ ಕೈ ಹಾಕೋಕೆ."