ಕೂತು ನೋಡದ ಕಟ್ಟೆ

ಕಟ್ಟೆ ಕಟ್ಟಿದವನೇ ಮೊದಲು ಅದರ ಮೇಲೆ ಕೂತು ನೋಡಬೇಕು. ಇಮಾಮ್‌ಸಾಬರ ಕೈಗೆ ಗೌಂಡಿ ಕೆಲಸದ ಕರಣಿ ಕೊಟ್ಟ ದಿನ ಅವರ ಉಸ್ತಾದರು ಹೇಳಿದ ಮಾತಿದು. ನಲವತ್ತು ವರ್ಷ ಸಿಂಧನೂರಿನ ಸುತ್ತ ಕಟ್ಟಿದ ಕಟ್ಟೆಗಳ ಮೇಲೆಲ್ಲ ಇಮಾಮ್‌ಸಾಬ್ ಕೂತು, ತೊಡೆ ತಟ್ಟಿ, "ಹ್ಞಾಂ, ಆತು" ಅಂದವರೇ. ಕಾಲೇಜಿನ ಪಡಸಾಲೆಯ ಕಟ್ಟೆಯ ಮೇಲೆ ಮಾತ್ರ ಕೂರಲಿಲ್ಲ. ಕೂರುವುದಾದರೂ ಹೇಗೆ? ಹುಡುಗರು ಕೂತು ಗದ್ದಲ ಮಾಡುತ್ತಾರೆಂದು ಪ್ರಿನ್ಸಿಪಾಲ್ ದುರ್ಗಾದೇವಿ ಹೇಳಿ ಅದನ್ನು ಇಳಿಜಾರು ಮಾಡಿಸಿದ್ದರಲ್ಲ! "ಕಾಗಿ ಕುಂತ್ರೂ ಜಾರಬೇಕ್ರಿ ಮೇಡಂ, ಹಂಗ ಮಾಡೀನಿ" ಎಂದು ಇಮಾಮ್‌ಸಾಬ್ ಬೀಗಿದ್ದೇ ಬೀಗಿದ್ದು.

ತಿಂಗಳೊಳಗೆ ಆ ಹಮ್ಮು ಮನೆಯಲ್ಲೇ ಇಳಿಯಿತು. ಅದೇ ಕಾಲೇಜಿನಲ್ಲಿ ಓದುವ ಮೊಮ್ಮಗಳು ಅರ್ಜುಮಂದಳಿಗೆ ಅವಳಪ್ಪ ಅಮ್ಜದ್, "ನಾಳಿಂದ ಕಾಲೇಜು ಬಂದ್" ಅಂದುಬಿಟ್ಟ. "ಕಾಲೇಜು ಗೇಟಿನ ಹೊರಗ ಪಾನ್ ಅಂಗಡಿ ಮುಂದ ತಾಸುಗಟ್ಟಲೆ ನಿಂತಿರ್ತಾಳಂತ. ಊರ ಮಂದಿ ನೋಡ್ಯಾರ."

"ಅಲ್ಲ್ಯಾಕ ನಿಂತಿದ್ದಿ ಬೇಟಿ?" ಎಂದು ಕೇಳಿದರು ಇಮಾಮ್‌ಸಾಬ್.

"ಕ್ಲಾಸು ಒಂದಕ್ಕ ಮುಗದು ರೂಮಿಗೆ ಬೀಗ ಹಾಕ್ತಾರ ದಾದಾ, ನಮ್ಮೂರ ಬಸ್ಸು ಮೂರೂವರಿಗೆ. ಮೊದ್ಲು ಹುಡುಗ್ಯಾರೆಲ್ಲಾ ಪಡಸಾಲಿ ಕಟ್ಟಿ ಮ್ಯಾಲ ಕುಂತು, ಬುತ್ತಿ ಉಂಡು, ಓದ್ತಿದ್ವಿ. ಈಗ ಎಲ್ಲಿ ಕುಂದ್ರೂಣು?"

ಅದನ್ನು ಕೆಡಿಸಿದವರು ಯಾರೆಂದು ಅವಳಿಗೆ ಗೊತ್ತಿತ್ತು. ಇಮಾಮ್‌ಸಾಬ್ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದರು. "ನಾಕು ದಿನ ತಡಿಯಪಾ" ಎಂದು ಮಗನ ಕೈ ಹಿಡಿದುಕೊಂಡರು.

ಬೆಳಿಗ್ಗೆ ಸುತ್ತಿಗೆ, ಉಳಿ ಹಿಡಿದು ಪ್ರಿನ್ಸಿಪಾಲರ ಮುಂದೆ ನಿಂತರು. "ನಂದೊಂದು ತಪ್ಪಾಗೇತ್ರಿ. ಕಟ್ಟಿ ಮ್ಯಾಲ ಕುಂತು ನೋಡಲಿಲ್ಲ. ನೀವಾದ್ರೂ ಕುಂತು ನೋಡ್ರಿ."

ಮುದುಕನಿಗೆ ಏನಾಗಿದೆಯೋ ಎಂದುಕೊಂಡೇ ದುರ್ಗಾದೇವಿ ಪಡಸಾಲೆಗೆ ಬಂದು ಕೂತರು. ಕೂತವರೇ ಜಾರಿ, ಕಂಬ ಹಿಡಿದು ಎದ್ದರು. "ಇದು ಕುಂದ್ರಾಕ ಅಲ್ಲಲ್ರೀ?"

"ಹೌದ್ರಿ. ಹಂಗಾದ್ರ ಹೆಣ್ಣುಮಕ್ಕಳು ಎರಡೂವರಿ ತಾಸು ಎಲ್ಲಿರಬೇಕು? ಆ ಪಾನ್ ಅಂಗಡಿ ಮುಂದ?"

"ಮತ್ತ ಗದ್ದಲ?"

"ಕಟ್ಟಿ ಗದ್ದಲ ಮಾಡಂಗಿಲ್ರಿ ಮೇಡಂ. ಮಾಡೋರನ್ನ ಕರದು ಬೈರಿ."

ದುರ್ಗಾದೇವಿ ಗೇಟಿನಾಚೆಯ ಪಾನ್ ಅಂಗಡಿ ಕಡೆ ನೋಡಿದರು. ಆಮೇಲೆ "ಒಡೀರಿ" ಅಂದರು.

ಐದನೆಯ ದಿನ ಮಧ್ಯಾಹ್ನ ಇಮಾಮ್‌ಸಾಬ್ ಮಗನನ್ನೂ ಕರೆದುಕೊಂಡು ಹೋದರು. ನೆರಳಲ್ಲಿ, ಸಪಾಟಾದ ಕಟ್ಟೆಯ ಮೇಲೆ ಹುಡುಗಿಯರು ಸಾಲಾಗಿ ಕೂತು ಬುತ್ತಿ ಬಿಚ್ಚಿದ್ದರು. ಅಮ್ಜದ್ ಕಟ್ಟೆಯ ಮೇಲೆ ಕೈಯಾಡಿಸಿದ. ಬಳಿಕ ಮಗಳಿಗೆ, "ನಾಳೆನೂ ಇಲ್ಲೇ ಕುಂತು ಮೂರೂವರಿ ಬಸ್ಸಿಗೆ ಬಾ" ಅಂದ.

ಅರ್ಜುಮಂದ್ ಪುಸ್ತಕ ಸರಿಸಿ ಅಜ್ಜನಿಗೆ ಜಾಗ ಮಾಡಿದಳು. ಇಮಾಮ್‌ಸಾಬ್ ಕೂತರು, ತೊಡೆ ತಟ್ಟಿದರು. ಅವರು "ಆತು" ಅನ್ನುವ ಮೊದಲೇ ಮೊಮ್ಮಗಳು ಅಂದಳು:

"ಹ್ಞಾಂ ದಾದಾ, ಆತು."