ಮೊಂಡಿಯ ಬಾಯಾರಿಕೆ

ಹೆಂಡತಿ ಹೋದರೂ ಅಪ್ಪನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ ಎಂದು ನೆಂಟರು ಆಡಿಕೊಂಡರು. ಆಡಿಕೊಳ್ಳಲು ಅವರಿಗೇನು, ಬಂದರು, ಉಂಡರು, ಹೋದರು. ಅಳು ಮಗಳಿಗೂ ಬಂದಿರಲಿಲ್ಲ. ಅಪ್ಪ ಹಾಲು ಕರೆಯುತ್ತಿದ್ದ, ಸಗಣಿ ಬಾಚುತ್ತಿದ್ದ, ಅವಳು ತಟ್ಟೆ ಮುಂದಿಟ್ಟರೆ ತಿನ್ನುತ್ತಿದ್ದ. ಏನು ತಿಂದೆ ಎಂದು ಕೇಳಿದ್ದರೆ ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ.

ಹಾಗಾಗಿ ಮೊಂಡಿಯ ಕೆಚ್ಚಲು ಬಾತಿದ್ದು ತಡವಾಗಿಯೇ ಕಣ್ಣಿಗೆ ಬಿತ್ತು. ಮೊಂಡಿ ಅಮ್ಮ ಕೈಯಾರೆ ಬೆಳೆಸಿದ ಹಸು. ಅಮ್ಮ ಕರೆದರಷ್ಟೇ ಹೆಜ್ಜೆ ಎತ್ತಿಡುತ್ತಿದ್ದ ಪ್ರಾಣಿ. ಆ ಹೆಸರೂ ಅವಳಿಟ್ಟದ್ದೇ. ಈಗ ಕೊಟ್ಟಿಗೆಯ ಸಿಮೆಂಟು ನೆಲದ ಮೇಲೆ ಕತ್ತು ಮಡಚಿ ಬಿದ್ದಿತ್ತು. ಕಿವಿ ತಣ್ಣಗಿತ್ತು, ಕಣ್ಣು ಗುಳಿಬಿದ್ದಿತ್ತು.

"ಕೆಚ್ಚಲಿನ ನಂಜು ರಕ್ತಕ್ಕೆ ಏರಿದೆ," ಎಂದರು ದನದ ಡಾಕ್ಟರಮ್ಮ. ನಂಜಿಗೆ ಮದ್ದು ಚುಚ್ಚಿದರು. ಆಮೇಲೆ ಕತ್ತಿನ ನರಕ್ಕೆ ದಪ್ಪ ಸೂಜಿ ಹಾಕಿ, ಬಾಟಲಿ ಎತ್ತಿ ಹಿಡಿಯಲು ಮಗಳಿಗೆ ಹೇಳಿದರು.

"ಇದು ಮಾಮೂಲಿ ಸಲೈನ್ ಅಲ್ಲ, ಉಪ್ಪು ಬಹಳ ಜಾಸ್ತಿ. ಮೈಯಲ್ಲಿರೋ ನೀರನ್ನ ರಕ್ತಕ್ಕೆ ಎಳ್ಕೊಳ್ಳುತ್ತೆ. ಆಗ ಹೃದಯಕ್ಕೆ ತಳ್ಳೋಕೆ ಏನಾದ್ರೂ ಸಿಗುತ್ತೆ. ಆದ್ರೆ ಅದು ಸ್ವಲ್ಪ ಹೊತ್ತಿನ ಆಟ. ಆಮೇಲೆ ಬಾಯಾರಿಕೆ ಹತ್ತುತ್ತೆ, ಹೊಟ್ಟೆ ತುಂಬ ಕುಡಿದ್ರೆ ಬದುಕ್ತಾಳೆ. ನೀರು ತಂದಿಟ್ಕೊಳ್ಳಿ, ಯಜಮಾನ್ರೇ."

ಅಪ್ಪ ಬಕೆಟ್ ತುಂಬಿಸಿ ತಂದ. ಬಾಟಲಿ ಖಾಲಿಯಾಗಿ ಸ್ವಲ್ಪ ಹೊತ್ತಿಗೆ ಮೊಂಡಿ ತಲೆ ಎತ್ತಿತು, ಬಕೆಟ್ಟಿಗೆ ಮೂತಿ ಇಟ್ಟು ಗಟಗಟ ಹೀರತೊಡಗಿತು. ಅಷ್ಟರಲ್ಲಿ ಅಪ್ಪ ಬಕೆಟ್ಟನ್ನು ಹಿಂದಕ್ಕೆಳೆದುಕೊಂಡ.

"ಸಾಕು. ಆಮೇಲೆ ಇನ್ನೊಂದು ಗುಟುಕು ಕೊಡ್ತೀನಿ."

ಡಾಕ್ಟರಮ್ಮನಿಗೆ ಪಿತ್ತ ನೆತ್ತಿಗೇರಿತು. "ತಲೆ ನೆಟ್ಟಗಿದೆಯಾ ನಿಮಗೆ? ಕುಡೀಲಿ ಬಿಡ್ರೀ! ಸಾಯಿಸ್ತೀರಾ ಅವಳನ್ನ?"

ಮಗಳಿಗೆ ಮಾತ್ರ ಅರ್ಥವಾಯಿತು. ಅಮ್ಮನ ಹೃದಯ ಸೋತು ಮೈಯೆಲ್ಲ ನೀರು ತುಂಬಿಕೊಂಡಾಗ, ನೀರು ಅಳೆದೇ ಕೊಡಿ ಎಂದಿದ್ದರು ಆಸ್ಪತ್ರೆಯವರು. ಅಳೆದವನು ಅಪ್ಪ. ಸಣ್ಣ ಲೋಟ, ಅದರಲ್ಲೂ ಅರ್ಧ. ನೀರಿನ ಜಗ್ಗನ್ನು ಅವಳ ಕೈಗೆ ಎಟುಕದಂತೆ ಬೀರುವಿನ ಮೇಲಿಡುತ್ತಿದ್ದ. ಅಮ್ಮ ಗೋಗರೆದಳು, ಬೈದಳು, ಕೊನೆಗೆ ಮಾತು ಬಿಟ್ಟು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಅಪ್ಪ ಜಗ್ಗಲಿಲ್ಲ. ಡಾಕ್ಟರು ಹೇಳಿದ ಮೇಲೆ ಮುಗಿಯಿತು, ಅವನ ಜಾಯಮಾನವೇ ಅಂಥದ್ದು.

ಮಗಳು ಬಾಟಲಿ ಕೆಳಗಿಟ್ಟು, ಅಪ್ಪನ ಬೆರಳು ಬಿಡಿಸಿ, ಬಕೆಟ್ಟನ್ನು ಮುಂದಕ್ಕೆ ತಳ್ಳಿದಳು. ಮೊಂಡಿ ಕುಡಿದು ತಳ ಕಾಣಿಸಿತು. ಅಪ್ಪ ಇನ್ನೊಂದು ತಂದ, ಅದೂ ಖಾಲಿಯಾಯಿತು. ಡಾಕ್ಟರಮ್ಮ ಹಸುವಿನ ಕಿವಿ ಹಿಡಿದು ನೋಡಿ, "ಬೆಚ್ಚಗಾಗ್ತಿದೆ. ಕೇಳಿದಷ್ಟೂ ಕೊಡಿ," ಎಂದು ಕೈ ತೊಳೆಯಲು ಹೋದರು.

ಅಪ್ಪ ಮೊಂಡಿಯ ಒದ್ದೆ ಮೂತಿಯನ್ನೇ ನೋಡುತ್ತ ನಿಂತಿದ್ದ.

"ನಿಮ್ಮಮ್ಮಂಗೂ ಕೇಳಿದಷ್ಟು ಕೊಟ್ಟಿದ್ರೆ, ನಾಲ್ಕು ದಿನ ಮುಂಚೆ ಹೋಗ್ತಿದ್ಲು," ಎಂದ. ದನಿಯಲ್ಲಿ ಏರಿಳಿತವಿರಲಿಲ್ಲ. "ಅಷ್ಟೇ ತಾನೇ?"

ಹೌದು ಎನ್ನುವುದೋ ಅಲ್ಲ ಎನ್ನುವುದೋ, ಯಾವುದು ಅವನನ್ನು ಉಳಿಸೀತು ಎಂದು ಮಗಳಿಗೆ ಹೊಳೆಯಲಿಲ್ಲ. ಮೊಂಡಿ ಖಾಲಿ ಬಕೆಟ್ಟನ್ನು ಮೂತಿಯಿಂದ ಗುದ್ದಿತು. ಅಪ್ಪ ಅದನ್ನೆತ್ತಿಕೊಂಡು ನಲ್ಲಿಯ ಕಡೆಗೆ ಹೋದ.